ಹಳದಿ ಹಾಲು ಮತ್ತು ಪದ್ಮನಾಭನ್ ಮೇಷ್ಟ್ರು

ಮನ್ನಳ್ಳಿಯಿಂದ ಕಾಕಾ ಮೊನ್ನೆ ಒಂದು ವಾಟ್ಸಾಪ್ ಮೆಸೇಜು ಕಳಿಸಿದ್ರು. "ಹಳದಿ ತಿಂದ್ರ ಮಲೇರಿಯಾ ಹೋಗ್ತದಂತ, ಬೆಂಗಳೂರಿನ ವಿಜ್ಞಾನಿಗಳೇ ಹೇಳ್ಯಾರಂತ. ಖರೇ ಏನೋ ತಮ್ಮಾ? ನೀ ಅಲ್ಲೇ ಇದ್ದಿ, ಕೇಳಿ ಹೇಳು." ನಾನು ಸಾಫ್ಟ್‌ವೇರಿನವನು. ಟಾಟಾ ಇನ್‌ಸ್ಟಿಟ್ಯೂಟ್ ಗೇಟಿನ ಮುಂದೆ ಬಸ್ಸಲ್ಲಿ ಹಾದು ಹೋಗೋದಷ್ಟೇ ನನಗೂ ಅದಕ್ಕೂ ಇರೋ ಸಂಬಂಧ :) ಆದ್ರೂ ಕಾಕಾ ಕೇಳಿದ ಮೇಲೆ ಕೂತು ಓದಿದೆ. ಎರಡು ರಾತ್ರಿ ಹೋಯ್ತು.

ಆ ಮೆಸೇಜಿನ ಮೂಲದಲ್ಲಿ ಇರೋರು ಜಿ. ಪದ್ಮನಾಭನ್. ಹುಟ್ಟಿದ್ದು 1938ರಲ್ಲಿ, ಇಂಜಿನಿಯರುಗಳ ಮನೆತನ, ಶಾಲೆ ಬೆಂಗಳೂರಲ್ಲೇ. ಇಂಜಿನಿಯರಿಂಗ್ ಸೇರಿ, ಹಿಡಿಸದೆ ಬಿಟ್ಟು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಕೆಮಿಸ್ಟ್ರಿ ಓದಿದರು. ದೆಹಲಿಯಲ್ಲಿ ಮಣ್ಣಿನ ರಸಾಯನಶಾಸ್ತ್ರ, ಆಮೇಲೆ 1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ. 1994ರಿಂದ 98ರವರೆಗೆ ಅದೇ ಸಂಸ್ಥೆಯ ನಿರ್ದೇಶಕರು. (ಹಿಡಿಸದಿದ್ರೂ ನಾಲ್ಕು ವರ್ಷ ಮುಗಿಸಿ ಡಿಗ್ರಿ ತಗೊಂಡೋರು ಈ ಬ್ಲಾಗ್ ಓದೋರಲ್ಲಿ ಎಷ್ಟು ಜನ ಇದೀರಿ, ಕೈ ಎತ್ತಿ!)

ಅವರು ಹಿಡಿದ ಪ್ರಶ್ನೆ ನನಗೆ ಬಹಳ ಇಷ್ಟವಾಯ್ತು. ಮಲೇರಿಯಾ ಪರೋಪಜೀವಿ ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿಂದು ಬೆಳೆಯುತ್ತೆ. ತಿಂದಾಗ ಹೀಮ್ ಅನ್ನೋ ಕಬ್ಬಿಣದ ಅಣು ರಾಶಿ ರಾಶಿ ಉಳಿಯುತ್ತೆ. ಅದು ಪರೋಪಜೀವಿಗೇ ವಿಷ, ಹಾಗಾಗಿ ಹರಳು ಕಟ್ಟಿ ಮೂಲೆಗಿಡುತ್ತೆ. ಕ್ಲೋರೋಕ್ವಿನ್ ಗುಳಿಗೆ ತಡೆಯೋದು ಈ ಹರಳು ಕಟ್ಟೋ ಕೆಲಸವನ್ನೇ. 1992ರಲ್ಲಿ ನಮಿತಾ ಸುರೋಲಿಯಾ ಮತ್ತು ಪದ್ಮನಾಭನ್ ತೋರಿಸಿದ್ದು ಏನಪ್ಪಾ ಅಂದ್ರೆ, ಅಷ್ಟು ಹೀಮ್ ಕೈಯಲ್ಲೇ ಇದ್ರೂ ಈ ಜೀವಿ ತನ್ನದೇ ಹೀಮನ್ನೂ ತಯಾರಿಸಿಕೊಳ್ಳುತ್ತೆ ಅಂತ. ಹಗೇವಿನ ತುಂಬ ಜೋಳ ಇಟ್ಕೊಂಡೋನು ಹಿತ್ತಲಲ್ಲೂ ನಾಲ್ಕು ಸಾಲು ಬಿತ್ತಿದ ಹಾಗೆ. ಆ ಬಿತ್ತನೆ ನಿಲ್ಲಿಸಿದ್ರೆ ಪರೋಪಜೀವಿ ಸಾಯಬೇಕು, ಹೊಸ ಔಷಧಕ್ಕೆ ಇದೇ ದಾರಿ ಅನ್ನೋದು ಅವರ ಲೆಕ್ಕ.

2013ರಲ್ಲಿ ಅವರ ತಂಡವೇ ಇಲಿಗಳ ಮಲೇರಿಯಾ ಜೀವಿಯಲ್ಲಿ ಹೀಮ್ ತಯಾರಿಸೋ ಜೀನುಗಳನ್ನು ತೆಗೆದುಹಾಕಿ ನೋಡಿತು. ರಕ್ತದಲ್ಲಿ ಅದು ಆರಾಮಾಗಿ ಬೆಳೀತು! ತನ್ನದು ಇಲ್ಲದಿದ್ರೆ ನಮ್ಮ ಹೀಮನ್ನೇ ಬಳಸಿಕೊಳ್ಳುತ್ತೆ. ಆದರೆ ಸೊಳ್ಳೆಯ ಹೊಟ್ಟೆಯಲ್ಲಿ ಅದರ ಬೆಳವಣಿಗೆ ನಿಂತಿತು, ಯಕೃತ್ತಿನ ಹಂತದಲ್ಲೂ ಅಷ್ಟೇ. ಇಪ್ಪತ್ತೊಂದು ವರ್ಷ ನೆಚ್ಚಿಕೊಂಡ ಲೆಕ್ಕ ಮುಖ್ಯ ಜಾಗದಲ್ಲೇ ತಪ್ಪಿತ್ತು. ಅದನ್ನ ಅವರ ಹೆಸರಲ್ಲೇ, ಎಲ್ಲರೂ ಓದೋ ಪತ್ರಿಕೆಯಲ್ಲಿ ಹಾಕಿದ್ದಾರೆ. ನಮ್ಮಲ್ಲಿ ಎರಡು ವಾರದ ಕೋಡ್ ತಪ್ಪು ಅಂದ್ರೇ ಮೀಟಿಂಗಲ್ಲಿ ಜಗಳ ಆಗುತ್ತೆ.

ಇನ್ನು ಹಳದಿ ವಿಷಯ. 2006ರ ಪ್ರಯೋಗದಲ್ಲಿ ಮಲೇರಿಯಾ ಬಂದ ಇಲಿಗಳಿಗೆ ಆರ್ಟಿಈಥರ್ ಒಂದು ಇಂಜೆಕ್ಷನ್ ಕೊಟ್ಟರು. ಅದೊಂದನ್ನೇ ಕೊಟ್ರೆ ರೋಗ ಮರುಕಳಿಸ್ತಿತ್ತು. ಜೊತೆಗೆ ಹಳದಿಯ ಸಾರವಾದ ಕರ್ಕ್ಯುಮಿನ್ ಮೂರು ಸಲ ಬಾಯಿಗೆ ಹಾಕಿದಾಗ ಹೆಚ್ಚುಕಡಿಮೆ ಎಲ್ಲ ಇಲಿಗಳೂ ಬದುಕಿದವು. ಯಾಕೆ ಅಂತ 2012ರಲ್ಲಿ ನೋಡಿದ್ರು. ಈ ಜೋಡಿ ಔಷಧ ಇಲಿಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುತ್ತೆ. ಟಿಎಲ್ಆರ್-2 ಅಂತ ಕಾವಲುಗಾರ ಪ್ರೋಟೀನ್ ಒಂದಿದೆ, ಅದಿಲ್ಲದ ಇಲಿಗಳಿಗೆ ಕರ್ಕ್ಯುಮಿನ್ ಕೊಟ್ರೂ ಉಳಿಯಲಿಲ್ಲ.

ಕಾಕಾಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಇಲಿ, ಇಂಜೆಕ್ಷನ್ ಜೊತೆ, ಶುದ್ಧ ಕರ್ಕ್ಯುಮಿನ್. ಹಾಲಿಗೆ ಹಾಕೋ ಹಳದಿಯಲ್ಲಿ ಅದು ಇರೋದೇ ಸ್ವಲ್ಪ, ಅದರಲ್ಲೂ ರಕ್ತಕ್ಕೆ ಸೇರೋದು ಇನ್ನೂ ಕಡಿಮೆ. "ಹಂಗಾದ್ರ ಮೆಸೇಜ್ ಸುಳ್ಳ?" ಅಂದ್ರು. ಅರ್ಧ ಅಂದೆ. ಅರ್ಧ ಸುಳ್ಳು ನಂಬಿ ಯಾರಾದ್ರೂ ರಕ್ತ ಪರೀಕ್ಷೆ ಬಿಟ್ರೆ, ಗುಳಿಗೆ ಅರ್ಧಕ್ಕೆ ನಿಲ್ಲಿಸಿದ್ರೆ ಜೀವ ಹೋಗುತ್ತೆ ಅಂತಾನೂ ಹೇಳಿದೆ. ನಮ್ಮ ಕಡೆ ಜ್ವರ ಜೋರಾದ್ರೆ ಹೈದರಾಬಾದಿಗೆ ಓಡ್ತೀವಿ. ಅಲ್ಲೇ ಪಕ್ಕದ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಈ ಪರೋಪಜೀವಿಯನ್ನ ಕಂಡಿದ್ದು. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ.

ಪದ್ಮನಾಭನ್ ಮೇಷ್ಟ್ರ ಹೀಮ್ ಕಥೆ 2013ಕ್ಕೇ ಮುಗೀಲಿಲ್ಲ. ಭುವನೇಶ್ವರದ ತಂಡದ ಜೊತೆ ಸೇರಿ 2022ರಲ್ಲಿ ಇನ್ನೊಂದು ಪ್ರಬಂಧ. ಹೀಮ್ ತಯಾರಿಸಲಾಗದ ಪರೋಪಜೀವಿ ರಕ್ತದಲ್ಲಿ ಬೆಳೆದ್ರೂ ಇಲಿಗಳಿಗೆ ಮಿದುಳಿನ ಮಲೇರಿಯಾ ಬರೋದಿಲ್ಲ ಅಂತ ಅದರಲ್ಲಿದೆ. ಆ ತಯಾರಿಕೆ ತಡೆಯೋಕೆ ಅವರು ಬಳಸಿದ್ದು ಗ್ರಿಸಿಯೋಫುಲ್ವಿನ್, ಗಜಕರ್ಣಕ್ಕೆ ಕೊಡೋ ಹಳೇ ಔಷಧ. ಅದನ್ನ ಕೊಟ್ಟಾಗಲೂ ಇಲಿಗಳಿಗೆ ಮಿದುಳಿನ ಮಲೇರಿಯಾದಿಂದ ರಕ್ಷಣೆ ಸಿಕ್ತು. ಆ ವರ್ಷ ಮೇಷ್ಟ್ರಿಗೆ ಎಂಬತ್ನಾಲ್ಕು.