ರಾಜೀನಾಮೆ ಪತ್ರದ ಒಂದು ದಿನಾಂಕ



ಶಿಕ್ಷಕ ವೃತ್ತಿಗೆ ಸೇರುವಾಗ ಅರ್ಜಿಯನ್ನು ಹೇಗೆ ಬರೆಯಬೇಕೆಂದು ಹೇಳಿಕೊಡುವವರು ಅನೇಕರಿದ್ದಾರೆ. ಪಾಠಯೋಜನೆ, ಪ್ರಗತಿಪತ್ರ, ರಜಾ ಅರ್ಜಿ, ವರದಿ ಮೊದಲಾದ ಎಲ್ಲ ಬರವಣಿಗೆಗೂ ನಮಗೆ ತರಬೇತಿ ದೊರೆಯುತ್ತದೆ. ಆದರೆ ಆ ವೃತ್ತಿಯನ್ನು ಬಿಡುವ ದಿನ ಬರೆಯಬೇಕಾದ ಪತ್ರದ ಬಗ್ಗೆ ಯಾರೂ ಮಾತನಾಡುವುದಿಲ್ಲ. ಶಿಕ್ಷಕಿಯರಾಗಲಿ ಶಿಕ್ಷಕರಾಗಲಿ ಇಲ್ಲದ ಕುಟುಂಬ ನಮ್ಮ ನಡುವೆ ವಿರಳ. ಅವರಲ್ಲಿ ಯಾರಿಗಾದರೂ ಈ ಪತ್ರ ಬರೆಯುವ ಕಾಲ ಒದಗಬಹುದು. ಆದುದರಿಂದ ನಾನು ಬರೆದ ಪತ್ರದ ಕುರಿತು ನಾಲ್ಕು ಮಾತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

2005ರ ಜೂನ್‌ನಲ್ಲಿ ನಾನು ಅನುದಾನರಹಿತ ಖಾಸಗಿ ಪ್ರೌಢಶಾಲೆಯೊಂದಕ್ಕೆ ಗಣಿತ ಶಿಕ್ಷಕಿಯಾಗಿ ಸೇರಿದೆ. 2023ರ ಮಳೆಗಾಲದ ಹೊತ್ತಿಗೆ, ಹಳ್ಳಿಯ ಮನೆಯಲ್ಲಿ ಒಬ್ಬರೇ ಇದ್ದ ನನ್ನ ತಾಯಿಯವರ ಮರೆವು ಹೆಚ್ಚಾಗಿತ್ತು. ಒಬ್ಬರಿಗಾಗಿ ಅಡುಗೆ ಮಾಡಬೇಕಾದಲ್ಲಿ ಆರು ಮಂದಿಗೆ ಅಕ್ಕಿ ಹಾಕುತ್ತಿದ್ದರು. ಎಂದೋ ಮಾರಿಬಿಟ್ಟ ಹಸುವನ್ನು ಹುಡುಕುತ್ತ ಸಂಜೆ ತೋಟದಲ್ಲಿ ಅಲೆಯುತ್ತಿದ್ದರು. ಗಲ್ಫಿನಲ್ಲಿರುವ ತಮ್ಮ ಫೋನಿನಲ್ಲಿ, "ಅಕ್ಕಾ, ಇನ್ನು ಅಮ್ಮನನ್ನು ಒಬ್ಬರೇ ಬಿಡುವ ಹಾಗಿಲ್ಲ" ಎಂದ. ಈ ಕಾಯಿಲೆ ಹಿಂದಕ್ಕೆ ಸರಿಯುವುದಿಲ್ಲವೆಂದು ವೈದ್ಯರೂ ಹೇಳಿದರು. ಆ ವರ್ಷದ ನವೆಂಬರ್ ತಿಂಗಳಲ್ಲಿ ರಾಜೀನಾಮೆ ಕೊಡಲು ನಿರ್ಧರಿಸಿದೆ.

ಬರೆಯಲು ಕುಳಿತಾಗ ಎರಡು ಪುಟ ತುಂಬಿತು. ಅದರಲ್ಲಿ ಅಮ್ಮನ ವಿಷಯ ಮೂರೇ ಸಾಲು. ಉಳಿದುದೆಲ್ಲ ಆಡಳಿತ ಮಂಡಳಿಯೊಡನೆ ನನಗಿದ್ದ ಲೆಕ್ಕಾಚಾರ. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆ ಮುಚ್ಚಿದಾಗ ನಮಗೆ ಹತ್ತು ತಿಂಗಳು ಅರ್ಧ ಸಂಬಳ ಬಂದಿತ್ತು. ಆಗಲೂ ನಾವು ಮೊಬೈಲಿನ ಮುಂದೆ ಕುಳಿತು ಪಾಠ ಮಾಡಿದ್ದೆವು, ಮನೆಮನೆಗೆ ಹೋಗಿ ಅಭ್ಯಾಸದ ಹಾಳೆಗಳನ್ನು ಕೊಟ್ಟಿದ್ದೆವು. ಪರಿಸ್ಥಿತಿ ಸುಧಾರಿಸಿದ ಮೇಲೆ ಬಾಕಿ ಕೊಡುವೆವೆಂದ ಮಾತು ಮಾತಾಗಿಯೇ ಉಳಿದಿತ್ತು. ಎಲ್ಲವನ್ನೂ ತಾರೀಖು ಸಹಿತ ಬರೆದೆ. ಬರೆದು ಮುಗಿಸಿದಾಗ ಮನಸ್ಸು ಹಗುರವಾದುದು ನಿಜ.

ಆರ್. ಕೆ. ನಾರಾಯಣ್ ಅವರ 'ದಿ ಇಂಗ್ಲಿಷ್ ಟೀಚರ್' ಎಂಬ ಕಾದಂಬರಿಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. 1945ರಲ್ಲಿ ಪ್ರಕಟವಾದ ಕೃತಿ ಅದು. ಅದರ ನಾಯಕ ಕೃಷ್ಣ ಕಾಲೇಜಿನ ಕೆಲಸ ಬಿಡಲು ನಿರ್ಧರಿಸಿದಾಗ, ಮೊದಲು ಇಡೀ ಶಿಕ್ಷಣ ಪದ್ಧತಿಯನ್ನೇ ಖಂಡಿಸುವ ದೀರ್ಘವಾದ ಪತ್ರವನ್ನು ಬರೆಯುತ್ತಾನೆ. ಆಮೇಲೆ ಅದನ್ನು ಬದಿಗಿಟ್ಟು, ಕೆಲವೇ ಸಾಲುಗಳ ರಾಜೀನಾಮೆಯನ್ನು ಬರೆಯುತ್ತಾನೆ. ನಾರಾಯಣ್ ಅವರೂ ಯೌವನದಲ್ಲಿ ಚನ್ನಪಟ್ಟಣದ ಶಾಲೆಯೊಂದರಲ್ಲಿ ಅಲ್ಪಕಾಲ ಉಪಾಧ್ಯಾಯರಾಗಿದ್ದು ಕೆಲಸ ಬಿಟ್ಟು ಬಂದವರು. ಕಳುಹಿಸದ ಆ ಮೊದಲ ಪತ್ರಕ್ಕೂ ಒಂದು ಸ್ಥಾನವಿದೆಯೆಂದು ಅವರು ಬಲ್ಲರು. ಎರಡನೆಯ ಪತ್ರವನ್ನು ಶಾಂತವಾಗಿ ಬರೆಯಲು ಮನಸ್ಸನ್ನು ಸಿದ್ಧಪಡಿಸುವುದು ಮೊದಲನೆಯದೇ.

ನನ್ನ ಎರಡು ಪುಟಗಳನ್ನು ನಿವೃತ್ತರಾಗಿದ್ದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಎರಡು ಬಾರಿ ಓದಿದರು. "ಟೀಚರ್, ಇದರಲ್ಲಿರುವುದೆಲ್ಲ ಸತ್ಯ. ಆದರೆ ಇದು ಎರಡು ಕಾಗದ. ರಾಜೀನಾಮೆ ಎಂಬುದು ಕಡತದಲ್ಲಿ ಉಳಿಯುವ ಕಾಗದ. ಬಾಕಿ ಕೇಳುವುದು ಉತ್ತರ ಬರಬೇಕಾದ ಕಾಗದ. ಒಂದರೊಳಗೆ ಇನ್ನೊಂದನ್ನು ಸೇರಿಸಿದರೆ, 'ಅಂಗೀಕರಿಸಲಾಗಿದೆ' ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಮುಗಿಸಿಬಿಡುತ್ತಾರೆ" ಎಂದರು.

ಅವರ ಮಾತಿನಂತೆಯೇ ಮಾಡಿದೆ. ರಾಜೀನಾಮೆ ಪತ್ರವನ್ನು ಮುಖ್ಯೋಪಾಧ್ಯಾಯರ ಮೂಲಕ ಶಾಲೆಯ ಸಂಚಾಲಕರಿಗೆ ಬರೆದೆ. ನನ್ನ ಹುದ್ದೆ, ಸೇವೆಗೆ ಸೇರಿದ ದಿನ, ಬಿಡುವ ಕಾರಣ, ಬಿಡುವ ದಿನ, ಒಪ್ಪಿಸಿಕೊಡಬೇಕಾದ ಅಂಕಪಟ್ಟಿಗಳು ಮತ್ತು ದಾಖಲೆಗಳು, ನನಗೆ ಬೇಕಾದ ಬಿಡುಗಡೆ ಪತ್ರ ಹಾಗೂ ಸೇವಾ ಪ್ರಮಾಣಪತ್ರ, ಇಷ್ಟೇ ಅದರಲ್ಲಿದ್ದುದು. ಪ್ರತಿಯೊಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ಮನೆಯಲ್ಲಿಟ್ಟೆ. ಕಾರಣವನ್ನು ಬರೆಯುವಲ್ಲಿ 'ವೈಯಕ್ತಿಕ ಕಾರಣಗಳಿಂದ' ಎಂದರೆ ಸಾಕಾಗುತ್ತಿತ್ತು. ನಾನು 'ತಾಯಿಯವರ ಆರೈಕೆಗಾಗಿ' ಎಂದು ಬರೆದೆ. ಕೃತಜ್ಞತೆಯ ಸಾಲನ್ನು ನನಗೆ ಪಾಠ ಹೇಳುವ ಅವಕಾಶ ದೊರೆತುದಕ್ಕೆ ಮತ್ತು ಸಹೋದ್ಯೋಗಿಗಳ ಸ್ನೇಹಕ್ಕೆ ಸಲ್ಲಿಸಿದೆ. ಮನಸ್ಸಿನಲ್ಲಿ ಇಲ್ಲದ ಹೊಗಳಿಕೆಯನ್ನು ಬರೆಯಲಿಲ್ಲ. ಬರೆಯದೆ ಬಿಟ್ಟುದು ಸುಳ್ಳಾಗುವುದಿಲ್ಲ. ಇಲ್ಲದ್ದನ್ನು ಬರೆದರೆ ಮಾತ್ರ ಸುಳ್ಳಾಗುತ್ತದೆ. ಸಂಬಳದ ಬಾಕಿಯ ಬಗ್ಗೆ ಲೆಕ್ಕದ ಪಟ್ಟಿ ಸಹಿತ ಪ್ರತ್ಯೇಕ ಮನವಿಯನ್ನು ಕೊಟ್ಟೆ. ಅದರ ಒಂದು ಭಾಗ ಕೈಸೇರಿದೆ. ಉಳಿದುದಕ್ಕೆ ಪತ್ರವ್ಯವಹಾರ ನಡೆದಿದೆ.

ಇಷ್ಟೆಲ್ಲ ಸುಲಭವಾಗಿಯೇ ಮುಗಿಯಿತು. ಆದರೆ 'ಬಿಡುವ ದಿನ' ಎಂಬಲ್ಲಿ ಲೇಖನಿ ನಿಂತಿತು.

ನನ್ನ ನೇಮಕಾತಿ ಆದೇಶದ ಪ್ರಕಾರ ಒಂದು ತಿಂಗಳ ಮುನ್ಸೂಚನೆ ಸಾಕಿತ್ತು. ಡಿಸೆಂಬರ್ ಕೊನೆಗೆ ನಾನು ಅಮ್ಮನ ಬಳಿ ಇರಬಹುದಿತ್ತು. ಆದರೆ ಹತ್ತನೆಯ ತರಗತಿಯಲ್ಲಿ 41 ಮಕ್ಕಳಿದ್ದರು. ತ್ರಿಕೋನಮಿತಿ, ಸಂಖ್ಯಾಶಾಸ್ತ್ರ, ಘನಫಲದ ಪಾಠಗಳು ಇನ್ನೂ ಬಾಕಿ. ವರ್ಷದ ನಡುವೆ ಗಣಿತ ಶಿಕ್ಷಕರು ಸಿಗುವುದು ಎಷ್ಟು ಕಷ್ಟವೆಂಬುದನ್ನು ಹಳ್ಳಿ, ಪಟ್ಟಣಗಳ ಶಾಲೆಗಳನ್ನು ಬಲ್ಲ ನಿಮಗೆ ಹೇಳಬೇಕಾಗಿಲ್ಲ. ಆಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಶಿಕ್ಷಕರ ರಾಜೀನಾಮೆಯಲ್ಲಿ ಕಾರಣ ಅವರವರಿಗೆ ಸೇರಿದ್ದು, ಕೃತಜ್ಞತೆ ಸೌಜನ್ಯಕ್ಕೆ ಸೇರಿದ್ದು. ದಿನಾಂಕವೊಂದೇ ಮಕ್ಕಳಿಗೆ ಸೇರಿದ್ದು. ಪತ್ರವನ್ನು ಸ್ವೀಕರಿಸುವವರು ಸಂಚಾಲಕರು. ಅದರ ಭಾರವನ್ನು ಹೊರುವವರು ಹಿಂದಿನ ಬೆಂಚಿನಲ್ಲಿ ಕುಳಿತ, ಲೆಕ್ಕವೆಂದರೆ ಹೆದರುವ ಮಗು.

ದಿನಾಂಕದ ಮಹತ್ವವನ್ನು ನ್ಯಾಯಾಲಯವೂ ಗುರುತಿಸಿದೆ. 1977ರ ಮೇ ತಿಂಗಳಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರೊಬ್ಬರು, ಆಗಸ್ಟ್ 1ರಿಂದ ಜಾರಿಗೆ ಬರುವಂತೆ ರಾಷ್ಟ್ರಪತಿಯವರಿಗೆ ರಾಜೀನಾಮೆ ಬರೆದು, ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಮುಂದಿನ ದಿನಾಂಕವನ್ನಿಟ್ಟು ಕೊಟ್ಟ ಅಂತಹ ರಾಜೀನಾಮೆಯನ್ನು ಆ ದಿನ ಬರುವ ಮೊದಲು ಹಿಂಪಡೆಯಬಹುದೆಂದು ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪಿತ್ತಿತು. ನಮ್ಮೆಲ್ಲರಿಗೂ ಪರಿಚಿತವಾದ ಇನ್ನೊಂದು ಪತ್ರವಿದೆ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು 2013ರ ಫೆಬ್ರವರಿ 11ರಂದು ಲತೀನ್ ಭಾಷೆಯಲ್ಲಿ ತಮ್ಮ ಪದತ್ಯಾಗದ ಘೋಷಣೆಯನ್ನು ಓದಿದರು. ಅದು ಬಹಳ ಚಿಕ್ಕದು. ಯಾರ ಮೇಲೂ ಆರೋಪವಿಲ್ಲ. ಶಕ್ತಿ ಕುಂದಿತೆಂಬ ಕಾರಣ, ಸಹಕರಿಸಿದವರಿಗೆ ವಂದನೆ, ತಮ್ಮ ಕೊರತೆಗಳಿಗೆ ಕ್ಷಮೆ. ಮತ್ತು ಬಿಡುವ ದಿನ ಮಾತ್ರವಲ್ಲದೆ ಗಂಟೆಯೂ, ಫೆಬ್ರವರಿ 28ರ ರಾತ್ರಿ 8. ಹಿಂದೆ ಉಳಿಯುವವರು ಸಿದ್ಧರಾಗಲು ಬೇಕಾದ ಸಮಯವನ್ನು ಕೊಟ್ಟು ಹೋಗುವುದೂ ಸೇವೆಯ ಒಂದು ಅಂಗವಲ್ಲವೇ?

ನಾನು 2024ರ ಏಪ್ರಿಲ್ 10 ಎಂದು ಬರೆದೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಆ ವರ್ಷ ಮಾರ್ಚ್ 25ರಿಂದ ಏಪ್ರಿಲ್ 6ರವರೆಗೆ ನಡೆಯಿತು.

ಆ ದಿನಾಂಕಕ್ಕೂ ಬೆಲೆಯಿತ್ತೆಂಬುದನ್ನು ನಿಮ್ಮಿಂದ ಮರೆಮಾಚಲಾರೆ. ಆ ಐದು ತಿಂಗಳು ತಮ್ಮ ಕಳುಹಿಸಿದ ಹಣದಿಂದ ಹೋಮ್ ನರ್ಸ್ ಒಬ್ಬರನ್ನು ಇಟ್ಟೆವು. ನಾನು ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗಳ ಬಸ್ ಪ್ರಯಾಣ ಮಾಡಿ ಊರಿಗೆ ಹೋಗುತ್ತಿದ್ದೆ. ಮಾರ್ಚ್ ತಿಂಗಳ ಒಂದು ಶನಿವಾರ ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ನನ್ನನ್ನು ನೋಡಿ ಎದ್ದು ನಿಂತರು. ಒಳಗೆ ತಿರುಗಿ, "ಟೀಚರ್ ಬಂದಿದ್ದಾರೆ, ಕುರ್ಚಿ ತನ್ನಿ" ಎಂದರು. ನನ್ನ ಹೆಸರು ಅವರಿಂದ ಹೋಗಿತ್ತು. ನನ್ನ ಕೆಲಸ ಮಾತ್ರ ಉಳಿದಿತ್ತು. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಡಿಸೆಂಬರಿನಲ್ಲೇ ಬಂದಿದ್ದರೆ ಆ ಹೆಸರು ಇನ್ನಷ್ಟು ದಿನ ಉಳಿಯುತ್ತಿತ್ತೇ ಎಂಬ ಪ್ರಶ್ನೆಗೆ ವೈದ್ಯರಲ್ಲೂ ಉತ್ತರವಿಲ್ಲ. ನಾನು ಎರಡು ಕಡೆಗೂ ಋಣಿಯಾಗಿದ್ದೆ. ಒಂದೇ ದಿನಾಂಕದಿಂದ ಎರಡನ್ನೂ ಪೂರ್ತಿಯಾಗಿ ತೀರಿಸುವುದು ಸಾಧ್ಯವಿರಲಿಲ್ಲ. ಮನೆಯ ಕಾಯಿಲೆಗಾಗಿಯೋ, ಸಹಿಸಲಾಗದ ಅವಮಾನಕ್ಕಾಗಿಯೋ ತಿಂಗಳೊಳಗೆ ಬಿಟ್ಟು ಹೋಗುವ ಶಿಕ್ಷಕರನ್ನು ಈ ಕಾರಣದಿಂದಲೇ ನಾನು ದೂರಲಾರೆ. ಅವರವರ ತಕ್ಕಡಿ ಅವರವರ ಕೈಯಲ್ಲಿದೆ. ಆದರೆ ತೂಗದೆ ಯಾರೂ ದಿನಾಂಕ ಬರೆಯಬಾರದು ಎಂಬುದಷ್ಟೇ ನನ್ನ ಬಿನ್ನಹ.

ಇನ್ನು ಲೋಕದ ವ್ಯವಹಾರದ ಒಂದೆರಡು ಮಾತು. ನಮ್ಮಲ್ಲಿ ಅನೇಕ ಶಿಕ್ಷಕಿಯರು ಸಂಕೋಚದಿಂದ ತಮಗೆ ಸಲ್ಲಬೇಕಾದುದನ್ನು ಕೇಳದೆ ಹೋಗುತ್ತಾರೆ. 1972ರ ಉಪದಾನ ಕಾಯ್ದೆ, ಅಂದರೆ ಗ್ರಾಚ್ಯುಟಿ ಕಾಯ್ದೆಯು ಶಿಕ್ಷಕರಿಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತ್ತು. ಬಳಿಕ ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದಾಗ, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಾನು ಕೆಲಸ ಬಿಟ್ಟ 2024ರಲ್ಲಿ ಲೆಕ್ಕ ಹೀಗಿತ್ತು: ಐದು ವರ್ಷಗಳ ನಿರಂತರ ಸೇವೆಯಾಗಿದ್ದರೆ, ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳಿಗೆ ಮೀರಿದ ಅವಧಿಯನ್ನು ಪೂರ್ಣ ವರ್ಷವೆಂದೇ ಎಣಿಸಬೇಕು. ಹದಿನೆಂಟು ವರ್ಷ ಹತ್ತು ತಿಂಗಳ ಸೇವೆ ಹಾಗೆ 19 ವರ್ಷವಾಗುತ್ತದೆ. ವೇತನ 26,000 ರೂಪಾಯಿ ಎಂದಿಟ್ಟುಕೊಂಡರೆ ಮೊತ್ತ 2,85,000 ರೂಪಾಯಿ. ಇದು ರಾಜೀನಾಮೆ ಕೊಟ್ಟವರಿಗೂ ಸಲ್ಲುವ ಹಣ. ಯಾರ ದಾನವೂ ಅಲ್ಲ. ಸರ್ಕಾರಿ ಶಾಲೆಯ ಶಿಕ್ಷಕರ ವಿಷಯ ಬೇರೆ. ಅಲ್ಲಿ ರಾಜೀನಾಮೆಯೂ ಸ್ವಯಂ ನಿವೃತ್ತಿಯೂ ಒಂದೇ ಅಲ್ಲ. ರಾಜೀನಾಮೆಯಿಂದ ಹಿಂದಿನ ಸೇವೆಯ ಸೌಲಭ್ಯಗಳೇ ಕೈತಪ್ಪಬಹುದು. ಆದ್ದರಿಂದ ಅವರು ಬಳಸುವ ಪದವನ್ನೇ ಮೊದಲು ವಿಚಾರಿಸಿ ತಿಳಿಯಬೇಕು.

ತಂದೆತಾಯಂದಿರೇ, ನಿಮ್ಮಲ್ಲಿಯೂ ಒಂದು ಕೋರಿಕೆ. ಮಕ್ಕಳು ಮನೆಗೆ ಬಂದು "ನಮ್ಮ ಟೀಚರ್ ಬಿಡ್ತಾರಂತೆ" ಎಂದಾಗ, ಕಾರಣವನ್ನು ಊಹಿಸಿ ಅವರ ಮುಂದೆ ಚರ್ಚಿಸಬೇಡಿ. ಆ ಶಿಕ್ಷಕರು ಕಡತದಲ್ಲಿಟ್ಟು ಹೋದ ಹತ್ತು ಸಾಲುಗಳ ಹಿಂದೆ, ಹರಿದುಹಾಕಿದ ಎರಡು ಪುಟಗಳಿರಬಹುದು. ಕೊನೆಯ ದಿನ ಯಾವುದೆಂದು ಮಾತ್ರ ಕೇಳಿ ತಿಳಿದುಕೊಳ್ಳಿ. ಆ ದಿನದೊಳಗೆ ನಿಮ್ಮ ಮಗುವಿಗೆ ಅರ್ಥವಾಗದೆ ಉಳಿದ ಪಾಠವೊಂದಿದ್ದರೆ, ಪುಸ್ತಕ ಹಿಡಿಸಿ ಅವರ ಬಳಿಗೆ ಕಳುಹಿಸಿ. ನನ್ನ ಕೊನೆಯ ವಾರದಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹಾಗೆಯೇ ಬಂದಿದ್ದ. ಶಾಲು, ಹಾರಗಳಿಗಿಂತ ದೊಡ್ಡ ಗೌರವ ಅದು ಎಂದು ನನಗೆ ಅನ್ನಿಸಿತು. ಲೆಕ್ಕ ಬಿಡಿಸಿ ಉತ್ತರ ಸರಿಬಂದಾಗ ಅವನು, "ಹಾಗಾದರೆ ಮುಂದಿನದನ್ನು ನಾನೇ ಮಾಡ್ತೇನೆ, ಟೀಚರ್" ಎಂದು ಪುಸ್ತಕ ಮಡಚಿ ಹೊರಟ.