ಎಸ್.ಪಿ. ರಸ್ತೆಯ ಬಣ್ಣದ ದೀಪಗಳು

ಬೆಂಗಳೂರಿನಲ್ಲಿ ಹಳೆಯ ಪಠ್ಯಪುಸ್ತಕ ಬೇಕಾದವರು ಅವೆನ್ಯೂ ರಸ್ತೆಗೆ ಹೋಗುತ್ತಾರೆ; ಕಂಪ್ಯೂಟರಿನ ಬಿಡಿಭಾಗ ಬೇಕಾದವರು ಎಸ್.ಪಿ. ರಸ್ತೆಗೆ. ಪುರಭವನದ ಆಸುಪಾಸಿನಲ್ಲಿರುವ ಈ ಇಕ್ಕಟ್ಟಾದ ಬೀದಿಯ ಪೂರ್ಣ ಹೆಸರು ಸಾದರ್ ಪತ್ರಪ್ಪ ರಸ್ತೆ. 2017ರಲ್ಲಿ ಮೆಟ್ರೊ ಹಸಿರು ಮಾರ್ಗದ ಸುರಂಗ ತೆರೆದ ಮೇಲೆ ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದು ನಡೆದೇ ಬರಬಹುದು. ವೈರಿನ ಸುರುಳಿ, ಸ್ವಿಚ್ಚು, ಕೆಪಾಸಿಟರುಗಳ ಅಂಗಡಿಗಳ ನಡುವೆ ಕಂಪ್ಯೂಟರ್ ಮಳಿಗೆಗಳು ಒತ್ತೊತ್ತಾಗಿ ಕುಳಿತಿವೆ.

ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಲು ಹೊರಟ ಹುಡುಗರು ಇಲ್ಲಿಗೆ ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು ಬರುತ್ತಾರೆ. ಗಾಜಿನ ಕ್ಯಾಬಿನೆಟ್ಟಿನೊಳಗೆ ಕಾಮನಬಿಲ್ಲಿನಂತೆ ಬಣ್ಣ ಬದಲಿಸುತ್ತಾ ತಿರುಗುವ ಫ್ಯಾನುಗಳು ಅವರ ಕಾಲು ಕಟ್ಟಿಹಾಕುತ್ತವೆ. "ಇದನ್ನು ಹಾಕಿಸಿದರೆ ಕಂಪ್ಯೂಟರ್ ಜೋರಾಗಿ ಓಡುತ್ತದೇನಪ್ಪಾ?" ಎಂದು ಕೇಳುವ ತಂದೆಯರುಂಟು. "ಇಲ್ಲ ಯಜಮಾನ್ರೇ, ನೋಡೋಕೆ ಚೆಂದ, ಅಷ್ಟೆ" ಎನ್ನುವ ಪ್ರಾಮಾಣಿಕ ವ್ಯಾಪಾರಿಗಳೂ ಉಂಟು.

ಈ ಚೆಂದದ ಹಿಂದೆ ಒಳ್ಳೆಯ ವಿಜ್ಞಾನವಿದೆ. ಆರ್‌ಜಿಬಿ ಎಂದರೆ ಕೆಂಪು, ಹಸಿರು, ನೀಲಿ. ಪ್ರತಿಯೊಂದು ಬಣ್ಣಕ್ಕೆ 256 ಮಟ್ಟದ ಪ್ರಖರತೆ ಇದ್ದರೆ ಮೂರೂ ಬೆರೆತು 1,67,77,216 ಬಣ್ಣಗಳಾಗುತ್ತವೆ. ಈ ಮೂವರಲ್ಲಿ ಕೊನೆಗೆ ಒಲಿದದ್ದು ನೀಲಿ. ಸಮರ್ಥವಾದ ನೀಲಿ ಎಲ್‌ಇಡಿ ರೂಪಿಸಿದ್ದಕ್ಕಾಗಿ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶೂಜಿ ನಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ದೊರೆಯಿತು.

ಆದರೆ ಅಂಗಡಿಯ ಕಟ್ಟೆಯ ಮುಂದೆ ನೊಬೆಲ್‌ಗಿಂತ ಮುಖ್ಯವಾದದ್ದು ಪಿನ್ನುಗಳ ಲೆಕ್ಕ. ಈ ದೀಪಗಳಲ್ಲಿ ಎರಡು ಜಾತಿ. ಮೊದಲನೆಯದು ಸಾದಾ ಆರ್‌ಜಿಬಿ: 12 ವೋಲ್ಟ್, ನಾಲ್ಕು ಪಿನ್. ಇದರಲ್ಲಿ ಇಡೀ ಪಟ್ಟಿ ಒಂದು ಹೊತ್ತಿಗೆ ಒಂದೇ ಬಣ್ಣ ತೋರಿಸುತ್ತದೆ. ಎರಡನೆಯದು ಎಆರ್‌ಜಿಬಿ: 5 ವೋಲ್ಟ್, ಮೂರು ಪಿನ್. ಇದರಲ್ಲಿ ಪ್ರತಿ ದೀಪವೂ ತನ್ನದೇ ಬಣ್ಣ ತಾಳಬಲ್ಲದು. ಅಲೆಯಂತೆ ಹರಿಯುವ ಬಣ್ಣಗಳೆಲ್ಲ ಇದರವೇ. 5 ವೋಲ್ಟಿನ ದೀಪಕ್ಕೆ 12 ವೋಲ್ಟ್ ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಪಿನ್ನುಗಳ ಜೋಡಣೆ ಬೇರೆ ಇರುವುದರಿಂದ ಇವು ಸುಲಭವಾಗಿ ಕೂಡುವುದಿಲ್ಲ. ಬಲವಂತದಿಂದ ತುರುಕಿದರೆ ಅಪಾಯ. ಆದ್ದರಿಂದ ಫ್ಯಾನು ಕೊಳ್ಳುವ ಮೊದಲು ಮದರ್‌ಬೋರ್ಡಿನ ಕೈಪಿಡಿ ತೆರೆದು, ಯಾವ ಹೆಡರ್ ಇದೆ, ಎಷ್ಟಿವೆ ಎಂದು ನೋಡಬೇಕು.

ಕಡಿಮೆ ಬೆಲೆಯ ಕೆಲವು ಬೋರ್ಡುಗಳಲ್ಲಿ 5 ವೋಲ್ಟಿನ ಹೆಡರ್ ಇರುವುದೇ ಇಲ್ಲ. ಹಾಗೆಂದು ದುಬಾರಿ ಬೋರ್ಡಿಗೆ ಹಾರಬೇಕಿಲ್ಲ. ಎಸ್‌ಎಂಪಿಎಸ್‌ನಿಂದ ನೇರವಾಗಿ ವಿದ್ಯುತ್ ಪಡೆಯುವ ಪುಟ್ಟ ಕಂಟ್ರೋಲರ್ ಸಿಗುತ್ತದೆ. ರಿಮೋಟಿನಿಂದಲೋ ಕ್ಯಾಬಿನೆಟ್ಟಿನ ಗುಂಡಿಯಿಂದಲೋ ಬಣ್ಣ ಬದಲಿಸಬಹುದು. ಕೆಲವು ಅಗ್ಗದ ಫ್ಯಾನುಗಳು ತಮ್ಮದೇ ಆಕಾರದ ಪ್ಲಗ್ ಹೊಂದಿದ್ದು, ತಮ್ಮ ಕಂಟ್ರೋಲರಿಗೆ ಮಾತ್ರ ಹೊಂದುತ್ತವೆ. ಪ್ಲಗ್ ಕಣ್ಣಾರೆ ನೋಡಿಯೇ ಹಣ ಕೊಡುವುದು ಜಾಣತನ. ಫ್ಯಾನು ತಿರುಗಲು ಬೇಕಾದ ವೈರು ಬೇರೆ, ದೀಪದ ವೈರು ಬೇರೆ ಎಂಬುದೂ ನೆನಪಿರಲಿ.

ಒಂದೇ ಹೆಡರಿಗೆ ಎಷ್ಟು ಫ್ಯಾನು ಸಿಕ್ಕಿಸಬಹುದು? ಇದಕ್ಕೆ ಹೈಸ್ಕೂಲಿನ ಗಣಿತ ಸಾಕು. ಇಂತಹ ಒಂದು ದೀಪ ಪೂರ್ಣ ಬಿಳಿಯಾಗಿ ಬೆಳಗುವಾಗ ಸುಮಾರು 60 ಮಿಲಿಆಂಪಿಯರ್ ಎಳೆಯಬಹುದು. ಒಂದು ಫ್ಯಾನಿನಲ್ಲಿ ಎಂಟು ದೀಪಗಳಿದ್ದರೆ 480 ಮಿಲಿಆಂಪಿಯರ್. ಆರು ಫ್ಯಾನಿಗೆ 2.88 ಆಂಪಿಯರ್. ಹಲವು ಬೋರ್ಡುಗಳಲ್ಲಿ ಹೆಡರಿನ ಮಿತಿ 3 ಆಂಪಿಯರ್. ಅಂದರೆ ಆರಕ್ಕೇ ಅಂಚು ಮುಟ್ಟಿದಂತಾಯಿತು. ಏಳನೆಯದು ಮಿತಿ ಮೀರುತ್ತದೆ.

ಹೆತ್ತವರು ಗಮನಿಸಬೇಕಾದ ಲೆಕ್ಕ ಇನ್ನೊಂದಿದೆ. ಸಂಬಳದಲ್ಲೋ ಫಸಲಿನಲ್ಲೋ ಉಳಿಸಿ ತಂದ ಹಣಕ್ಕೆ ಮಿತಿಯುಂಟು. ದೀಪಕ್ಕೆ ಹೆಚ್ಚು ಸುರಿದಾಗ ಸಾಮಾನ್ಯವಾಗಿ ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಎಸ್‌ಎಂಪಿಎಸ್ ಮೇಲೆ ಅಥವಾ ಮೆಮೊರಿಯ ಮೇಲೆ. ಹೆಸರಿಲ್ಲದ ಕಳಪೆ ಎಸ್‌ಎಂಪಿಎಸ್ ಕೆಟ್ಟರೆ ಒಮ್ಮೊಮ್ಮೆ ಉಳಿದ ಭಾಗಗಳನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್, 16 ಜಿಬಿ ಮೆಮೊರಿ, ಎಸ್‌ಎಸ್‌ಡಿ ಇವು ಮೊದಲು. ಉಳಿದ ಹಣದಲ್ಲಿ ಎರಡು ಬಣ್ಣದ ಫ್ಯಾನು ಬರಲಿ. ಮುಂದೆ ಕೈಯಲ್ಲಿ ಕಾಸು ಓಡಾಡಿದಾಗ ಇನ್ನೆರಡು ಸೇರಿಸುವುದು ಕಷ್ಟವಲ್ಲ.

ಹಾಗೆಂದು ಮಕ್ಕಳ ಆಸೆಯನ್ನು ದುಂದು ಎಂದು ತಳ್ಳಿಹಾಕಬೇಕಿಲ್ಲ. ವೋಲ್ಟೇಜು ಹೊಂದಿಸಿ, ವಿದ್ಯುತ್ ಪ್ರವಾಹ ಕೂಡಿಸಿ, ಕೈಪಿಡಿ ಓದಿ ದೀಪ ಬೆಳಗಿಸಿದ ಹುಡುಗಿಗೆ ಪಠ್ಯಪುಸ್ತಕದ ವಿದ್ಯುತ್ ಪಾಠ ಮತ್ತೆಂದೂ ಒಣ ಎನಿಸದು. ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು, ಬೋರ್ಡಿನ ಹೆಸರು, ಪಿನ್ನುಗಳ ಸಂಖ್ಯೆ, ಬೆಲೆ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಅಂಗಡಿಯಲ್ಲಿ ದೀಪ ಹಚ್ಚಿಸಿ ನೋಡಿ, ಬಿಲ್ಲು ಪಡೆದೇ ಮೆಟ್ರೊ ಹತ್ತಬೇಕು.