ಒಂದು ಲೋಟ ನೀರು

ಮುಪ್ಪು ಮನೆಗೆ ಬರುವಾಗ ಬಾಗಿಲು ತಟ್ಟುವುದಿಲ್ಲ. ಸದ್ದಿಲ್ಲದೆ ಬಂದು ಮೊದಲು ಮೊಳಕಾಲಿನಲ್ಲಿ ಕುಳಿತುಕೊಳ್ಳುತ್ತದೆ, ಆಮೇಲೆ ಸೊಂಟಕ್ಕೇರುತ್ತದೆ. ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದವರು ಕುರ್ಚಿಗೆ ಬರುತ್ತಾರೆ. ಕುರ್ಚಿಯಿಂದ ಏಳುವಾಗ ‘ರಾಮ ರಾಮಾ’ ಎನ್ನುತ್ತಾರೆ. ಆ ನಾಮಸ್ಮರಣೆ ಭಕ್ತಿಯಿಂದ ಹೊರಟದ್ದಲ್ಲ, ಮೊಳಕಾಲಿನಿಂದ ಹೊರಟದ್ದು ಎಂಬುದನ್ನು ಅನುಭವಿಸಿದವರೇ ಬಲ್ಲರು.

ಬಸವನಗುಡಿಯ ಮನೆಯೊಂದರ ಅಜ್ಜಿಗೆ 78 ವರ್ಷ. ಎಲ್ಲರಿಗಿಂತ ಮೊದಲೆದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವುದು ಅವರ ಜೀವಮಾನದ ವ್ರತ. ಒಂದು ಮುಂಜಾನೆ ಬಚ್ಚಲಿನಲ್ಲಿ ಕಾಲು ಜಾರಿತು. ಅಟ್ಟದಿಂದ ಬಿದ್ದದ್ದಲ್ಲ, ಮೆಟ್ಟಿಲಿನಿಂದ ಉರುಳಿದ್ದೂ ಅಲ್ಲ, ನಿಂತಲ್ಲೇ ಬಿದ್ದರು. ಆದರೂ ತೊಡೆಯ ಮೂಳೆ ಸೊಂಟದ ಬಳಿ ಮುರಿಯಿತು. ಋತುಬಂಧದ ಅನಂತರ ಹೆಂಗಸರ ಮೂಳೆ ಬೇಗಬೇಗನೆ ಸಾರಗುಂದುತ್ತದೆ. ಅನೇಕರಲ್ಲಿ ಮುರಿಯುವ ದಿನದವರೆಗೂ ಅದರ ಸುಳಿವೇ ಸಿಕ್ಕುವುದಿಲ್ಲ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಮಾರನೆಯ ದಿನವೇ ಅಜ್ಜಿಯ ಕೈಗೆ ವಾಕರ್ ಕೊಟ್ಟು ನಿಲ್ಲಿಸಿದರು. ಮಗನಿಗೆ ಅದು ಕ್ರೌರ್ಯವೆನಿಸಿತು. ಮನೆಗೆ ಬಂದ ಮೇಲೆ ಅಂಥ ಕ್ರೌರ್ಯಕ್ಕೆ ಎಡೆಯೇ ಇರಲಿಲ್ಲ. “ನೀನು ಏಳಬೇಡಮ್ಮಾ, ಏನು ಬೇಕೋ ಕೇಳು” ಎಂದನು ಮಗ. ಸೊಸೆ ಕಾಫಿಯನ್ನು ಹಾಸಿಗೆಗೇ ತಂದಳು. ಮೊಮ್ಮಗ ದಿಂಬಿನ ಪಕ್ಕದಲ್ಲಿ ಗಂಟೆಯೊಂದನ್ನು ಇಟ್ಟನು. ಇಂಥ ಮಕ್ಕಳನ್ನು ಪಡೆಯಲು ಪುಣ್ಯ ಮಾಡಿರಬೇಕೆಂದು ನೆರೆಹೊರೆಯವರು ಕೊಂಡಾಡಿದರು.

ಆ ಪುಣ್ಯದ ಫಲ ಎರಡು ತಿಂಗಳಲ್ಲಿ ಗೋಚರಿಸಿತು. ಮೂಳೆ ಕೂಡುತ್ತಿತ್ತು, ಕಾಲಿನ ಕಸುವು ಹೋಗಿತ್ತು. ತೊಡೆ ಬತ್ತಿ ಸೀರೆ ಸಡಿಲವಾಗಿತ್ತು. ಸಂಜೆಯಾದ ಮೇಲೆ ಅಜ್ಜಿ ನೀರು ಕುಡಿಯುವುದನ್ನೇ ಬಿಟ್ಟರು. ಕುಡಿದರೆ ನಡುರಾತ್ರಿಯಲ್ಲಿ ಗಂಟೆ ಬಾರಿಸಿ ಸೊಸೆಯನ್ನು ಎಬ್ಬಿಸಬೇಕಲ್ಲ! ಇದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ವಯಸ್ಸಿನೊಡನೆ ಸ್ನಾಯು ಕರಗುವ ಸ್ಥಿತಿಗೆ 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅವರು ಗ್ರೀಕ್ ಪದಗಳಿಂದ ‘ಸಾರ್ಕೊಪೀನಿಯಾ’ ಎಂಬ ಹೆಸರನ್ನು ಕಟ್ಟಿದರು. ಮಾಂಸದ ಕೊರತೆ ಎಂದು ಅದರ ಅರ್ಥ. ಹಾಸಿಗೆ ಹಿಡಿದವರಲ್ಲಿ ಈ ಕರಗುವಿಕೆ ಮತ್ತಷ್ಟು ಶೀಘ್ರ. ಆದರೆ ಕೈಚೆಲ್ಲಿ ಕೂರಬೇಕಾಗಿಲ್ಲ. ಬಾಸ್ಟನ್ ನಗರದ ವೃದ್ಧರ ಆರೈಕೆಯ ಸಂಸ್ಥೆಯೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರಗಳ ಕಾಲ ಕಾಲಿನಿಂದ ಭಾರ ಎತ್ತಿಸಿದ ಪ್ರಯೋಗವೊಂದು 1990ರಲ್ಲಿ ಪ್ರಕಟವಾಯಿತು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು; ಇಬ್ಬರು ಊರುಗೋಲನ್ನೇ ಬಿಟ್ಟರು. ತೊಂಬತ್ತರ ಸ್ನಾಯುವೂ ಕೆಲಸ ಕೊಟ್ಟರೆ ಓಗೊಡುತ್ತದೆ!

ವೈದ್ಯರ ಮಾತಿನಂತೆ ಫಿಸಿಯೋಥೆರಪಿ ಕಲಿತ ತರುಣಿಯೊಬ್ಬಳು ಮನೆಗೆ ಬರತೊಡಗಿದಳು. “ಕುರ್ಚಿಯಿಂದ ಎದ್ದು ನಿಲ್ಲಿ ಅಜ್ಜಿ” ಎಂದಳು. ಆಗಲಿಲ್ಲ. ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿದಳು, ಆಯಿತು. ದಿನ ಕಳೆದಂತೆ ಒಂದು ದಿಂಬು ಹೋಯಿತು, ಮತ್ತೊಂದೂ ಹೋಯಿತು. ಪಾದದ ಮೇಲುಗಡೆ ಮರಳಿನ ಚೀಲ ಕಟ್ಟಿ ಕಾಲು ಎತ್ತಿಸಿದಳು. ಅಡಿಗೆಮನೆಯ ಕಟ್ಟೆ ಹಿಡಿದು ತುದಿಗಾಲಿನಲ್ಲಿ ನಿಲ್ಲಿಸಿದಳು. ಊಟದಲ್ಲಿ ಬೇಳೆ, ಮೊಸರು, ರಾಗಿ ಹೆಚ್ಚಿದವು. ಬಚ್ಚಲಿನ ಗೋಡೆಗೆ ಹಿಡಿಕೆ ಬಂದಿತು.

ಎಲ್ಲಕ್ಕಿಂತ ಕಠಿಣವಾದ ವ್ಯಾಯಾಮ ಮಗನ ಪಾಲಿಗೆ ಬಂದಿತ್ತು. “ಹತ್ತಿರ ನಿಲ್ಲಿ, ಆದರೆ ಹಿಡಿಯಬೇಡಿ” ಎಂಬುದು ಆ ತರುಣಿಯ ಕಟ್ಟಪ್ಪಣೆ. ಹೆತ್ತ ತಾಯಿ ತುಟಿ ಕಚ್ಚಿ ಏಳುತ್ತಿರುವಾಗ ಕೈ ಕಟ್ಟಿ ನಿಲ್ಲುವುದು ಸಾಮಾನ್ಯವೆ?

ಮೂರು ತಿಂಗಳು ಕಳೆದವು. ಮಣೆಯ ಮೇಲೆ ಕೂರುವುದು ಅಜ್ಜಿಗೆ ಮತ್ತೆ ಸಾಧ್ಯವಾಗಲಿಲ್ಲ. ರಂಗೋಲಿ ಸೊಸೆಯ ಕೈಗೆ ಹೋಯಿತು. ಊರುಗೋಲು ಉಳಿಯಿತು. ಆದರೆ ಒಂದು ನಡುರಾತ್ರಿ ಅಡಿಗೆಮನೆಯ ದೀಪ ಹತ್ತಿತು. ಊರುಗೋಲಿನ ಸದ್ದಿಗೆ ಮಗ ಧಡಕ್ಕನೆ ಎದ್ದು ಕುಳಿತನು. ಸೊಸೆ ಅವನ ತೋಳು ಹಿಡಿದು ತಡೆದಳು.

ಕತ್ತಲಲ್ಲಿ ಇಬ್ಬರೂ ಕಿವಿಗೊಟ್ಟರು. ಹೂಜಿಯ ಮುಚ್ಚಳ ತೆಗೆದ ಸದ್ದು, ನೀರು ಬಗ್ಗಿಸಿದ ಸದ್ದು, ಬರಿದಾದ ಲೋಟವನ್ನು ಕಟ್ಟೆಯ ಮೇಲೆ ಇಟ್ಟ ಸದ್ದು. ಬಳಿಕ ಊರುಗೋಲು ನಿಧಾನವಾಗಿ ಬಚ್ಚಲಿನ ಕಡೆಗೆ ಹೋಗಿ, ಅಷ್ಟೇ ನಿಧಾನವಾಗಿ ಹಾಸಿಗೆಗೆ ಮರಳಿತು.

ಗಂಟೆ ಮಾತ್ರ ಬಾರಿಸಲಿಲ್ಲ.